ಗೋಲಿಗೆ ನಿಲ್ಲದ ಅಪ್ಪ

ಹರಳೆಣ್ಣೆ ಕಾಯಿಸಿದ ವಾಸನೆ ಬಂದರೆ ಈಗಲೂ ಅಪ್ಪನ ಕಾಲಿನ ಭಾರ ನನ್ನ ತೊಡೆಯ ಮೇಲೆ ಬಂದು ಕೂರುತ್ತದೆ.

ಅದು ನಿಜಾಮರ ಕಾಲ. ಅಪ್ಪ ರಾಯಚೂರು ಸ್ಟೇಷನ್ನಿನಲ್ಲಿ ಇಂಜಿನ್ನುಗಳಿಗೆ ಕಲ್ಲಿದ್ದಲು ತುಂಬುತ್ತಿದ್ದ. ಆ ಮಧ್ಯಾಹ್ನ ಹದಿನಾರು ತಾಸಿನ ಪಾಳಿ ಮುಗಿಸಿ ಬಂದವನು ಬಾಗಿಲಲ್ಲೇ ಗೋಡೆಗೊರಗಿ ಕಾಲು ಚಾಚಿದ. ನಾನು ಒಂದು ಕಾಲನ್ನು ತೊಡೆಗೇರಿಸಿಕೊಂಡು ಎಣ್ಣೆ ತಿಕ್ಕತೊಡಗಿದೆ. ಹಿಮ್ಮಡಿಯ ಬಿರುಕುಗಳಿಂದ ಕಲ್ಲಿದ್ದಲ ಪುಡಿ ಕಪ್ಪಗೆ ಇಳಿಯುತ್ತಿತ್ತು.

ಅಷ್ಟರಲ್ಲಿ ಅಪ್ಪನ ಜೊತೆ ಕೆಲಸ ಮಾಡುವ ಖಾಸಿಂ ಕಾಕಾ ಉರ್ದು ಪೇಪರಿನ ತುಂಡು ಹಿಡಿದು ಬಂದ.

"ದಕ್ಷಿಣ ಅಮೆರಿಕಾದಾಗ ನಮ್ಮಂಥ ರೈಲ್ವೆ ಕೂಲಿಗಳೇ ಫುಟ್‌ಬಾಲ್ ಕ್ಲಬ್ ಕಟ್ಯಾರಂತ. ಈಗ ಅವರ ಆಟ ನೋಡಾಕ ಊರಿಗೂರೇ ಬರ್ತದಂತ. ನಾವೂ ಕಟ್ಟೋಣು. ನೀ ಓಡೋದು ಬ್ಯಾಡ, ಗೋಲಿನ್ಯಾಗ ನಿಂತ್ರ ಸಾಕು."

"ನಿಂದ್ರಾಕೂ ಕಾಲು ಬೇಕಲ್ಲೋ," ಅಪ್ಪ ಕಣ್ಣು ಮುಚ್ಚಿಕೊಂಡೇ ಅಂದ. ಆಮೇಲೆ ಕೇಳಿದ, "ಅಲ್ಲಿ ಡ್ಯೂಟಿ ಎಷ್ಟು ತಾಸು, ಖಾಸಿಂ?"

ಕಾಕಾ ತುಂಡನ್ನು ಮೇಲಿಂದ ಕೆಳಗಿನವರೆಗೆ ಮತ್ತೆ ಓದಿದ. ತಿರುಗಿಸಿಯೂ ನೋಡಿದ.

"ಅದನ್ನ ಬರ್ದಿಲ್ಲ."

ಅಪ್ಪನಿಗೆ ಆಗಲೇ ನಿದ್ದೆ ಹತ್ತಿತ್ತು. ಕಾಕಾ ಪೇಪರನ್ನು ಮಡಚಿ ಜೇಬಿಗಿಟ್ಟು, ನನ್ನ ಪಕ್ಕ ಕೂತು, ಅಪ್ಪನ ಇನ್ನೊಂದು ಕಾಲನ್ನು ತನ್ನ ತೊಡೆಗೆಳೆದುಕೊಂಡ.

"ನನ್ನ ಕೈಗೂ ತುಸು ಎಣ್ಣಿ ಹಾಕವ್ವಾ."