ಒಲೆಗೆ ಬಿದ್ದ ಹಿಟ್ಟು

ಹಿಟ್ಟಿನ ಚೂರು ಬೆಂಕಿಗೆ ಬಿದ್ದ ಮೇಲೆಯೇ ಫ್ರಿಮೆಟ್‌ಗೆ ತನ್ನ ಕೈ ಮಾಡಿದ್ದೇನೆಂದು ಗೊತ್ತಾಯಿತು. ನಾದಿದ ಹಿಟ್ಟಿನಲ್ಲಿ ದೇವರ ಪಾಲೆಂದು ಒಂದು ಚೂರು ಚಿವುಟಿ ಒಲೆಗೆ ಹಾಕುವುದು ತಾಯಿ ಕಲಿಸಿದ ರೂಢಿ. ಆ ಪೋಲಿಷ್ ಹಳ್ಳಿಯಲ್ಲಿ ಯಹೂದಿ ಹೆಂಗಸರ ಹೊರತು ಇನ್ನಾರೂ ಹಾಗೆ ಮಾಡುತ್ತಿರಲಿಲ್ಲ. ಅವಳೀಗ ಕೊರಳಿಗೆ ಶಿಲುಬೆ ಹಾಕಿಕೊಂಡು, ಮುದುಕಿ ಯೂಸ್ತಿನಾಳ ಮನೆಯಲ್ಲಿ ಸೊಸೆ ಎನಿಸಿಕೊಂಡಿದ್ದಳು. ಮಗಳು ರೈಜ್ಲ್ ನೆಲದ ಹಲಗೆಯ ಕೆಳಗೆ, ಆಲೂಗಡ್ಡೆಯ ಗುಂಡಿಯಲ್ಲಿ ಅಡಗಿದ್ದಳು. ಉಪ್ಪು ಕೇಳಲು ಬಂದಿದ್ದ ನೆರೆಮನೆಯ ಪೆಲಾಗಿಯಾ ಒಲೆಯನ್ನೇ ನೋಡುತ್ತಿದ್ದಳು. ಅವಳ ಗಂಡ ಜರ್ಮನ್ನರ ಕೈಕೆಳಗಿನ ಪೊಲೀಸು.

“ಅಯ್ಯೋ ನಿನ್ ಕೈ ಸೇದ್ಹೋಗ! ಬೆಂಕಿಗೂ ಊಟ ಹಾಕ್ತೀಯೇನೆ?” ಎಂದು ಯೂಸ್ತಿನಾ ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ಬೈಬೇಡಜ್ಜಿ,” ಎಂದಳು ಪೆಲಾಗಿಯಾ. “ನಾನು ಬಟ್ಟೆ ಒಗೀತಿದ್ದ ಮನೇಲೂ ಅಮ್ಮನೋರು ಹೀಗೇ ಹಾಕೋರು. ಅವರನ್ನೆಲ್ಲ ಗಾಡೀಲಿ ತುಂಬ್ಕೊಂಡು ಹೋದ್ರಲ್ಲ.” ಉಪ್ಪಿನ ಬಟ್ಟಲನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಳು. “ನನ್ನ ಬಾಯಿ ಎಂಥದ್ದು ಅಂತ ಊರಿಗೇ ಗೊತ್ತು. ಅವನು ಸಂಜೆಗೆ ಬರ್ತಾನೆ. ಅಲ್ಲೀತನಕ ಹಿಡ್ಕೊಂಡಿರ್ತೀನಿ ಕಣಮ್ಮ. ಅದರ ಮೇಲೆ ನನ್ನ ಕೈಲಾಗಲ್ಲ.”

ಅವಳ ಹೆಜ್ಜೆಯ ಸದ್ದು ಅಡಗಿದ ಕೂಡಲೇ ಫ್ರಿಮೆಟ್ ಹಲಗೆ ಎತ್ತಿದಳು. ಸುಟ್ಟ ಹಿಟ್ಟಿನ ಘಮ ಗುಂಡಿಗೂ ಇಳಿದಿತ್ತು. “ರೊಟ್ಟಿ ಆಯ್ತೇನಮ್ಮಾ?” ಎಂದು ರೈಜ್ಲ್ ಕತ್ತಲೊಳಗಿಂದ ಕೈ ಚಾಚಿದಳು. ಆ ಕೈಗೆ ಫ್ರಿಮೆಟ್ ಅವಳ ಬೂಟುಗಳನ್ನು ಕೊಟ್ಟಳು.