ಗೂಬೆಗಳ ಗುಟ್ಟು

ಗುಟ್ಟು ಹೊರಗೆ ಹೋಗುತ್ತಿತ್ತು. ಯಾರಿಂದ ಎಂಬುದಷ್ಟೇ ಏಮೋಸ್ ಗಿಂಥರನಿಗೆ ಗೊತ್ತಾಗಬೇಕಿತ್ತು.

1951ರ ಬೇಸ್‌ಬಾಲ್ ಋತುವಿನ ಕೊನೆಯ ಪಂದ್ಯದ ದಿನ ಅದು. ಟಿಲ್ಡೆನ್ ಬೆಂಡ್ ಊರಿನ ತಂಡಕ್ಕೆ 'ಗೂಬೆಗಳು' ಎಂದು ಹೆಸರು, ಏಮೋಸ್ ಅದರ ಮ್ಯಾನೇಜರ್. ಆ ವರ್ಷ ಹೆಸರು ತಂಡಕ್ಕೆ ಚೆನ್ನಾಗಿಯೇ ಒಪ್ಪಿತ್ತು. ತಂಡದ ಯಜಮಾನ ಲಿಂಡ್‌ಕ್ವಿಸ್ಟ್ ಬೆಳಿಗ್ಗೆ ಕರೆದು ಎರಡೇ ಮಾತು ಆಡಿದ್ದ: "ಇವತ್ತು ಸೋತ್ರೆ ನಾವು ಕಟ್ಟಕಡೆ. ಕಟ್ಟಕಡೆ ಬಂದ ಮೇಲೆ ಹಳೇ ಮ್ಯಾನೇಜರ್ ಯಾಕೆ?" ಏಮೋಸನಿಗೆ ಐವತ್ತನಾಲ್ಕು. ಬೇಸ್‌ಬಾಲ್ ಬಿಟ್ಟರೆ ಅವನಿಗೆ ಬರುತ್ತಿದ್ದ ಇನ್ನೊಂದು ವಿದ್ಯೆಯೆಂದರೆ ಹೊಗೆಸೊಪ್ಪು ಜಗಿದು ದೂರಕ್ಕೆ ಉಗಿಯುವುದು.

ಪ್ರತಿ ಎಸೆತಕ್ಕೂ ಮುಂಚೆ ಅವನು ಬೆಂಚಿನಿಂದ, ದಾಂಡಿಗನ ಹಿಂದೆ ಕೂತು ಚೆಂಡು ಹಿಡಿಯುವ ತನ್ನ ಕ್ಯಾಚರನಿಗೆ, ಯಾವ ಚೆಂಡು ಎಸೆಸಬೇಕೆಂದು ಸನ್ನೆ ಮಾಡುತ್ತಿದ್ದ. ಕಿವಿ ಮುಟ್ಟಿದರೆ ವೇಗದ ಚೆಂಡು, ಮೂಗು ತಿಕ್ಕಿದರೆ ಬಾಗುವ ಚೆಂಡು. ಯಾವುದು ಬರುತ್ತದೆಂದು ಮೊದಲೇ ಗೊತ್ತಾದರೆ ಎಂಥ ಮೊದ್ದು ದಾಂಡಿಗನೂ ಚಚ್ಚಿಹಾಕುತ್ತಾನೆ. ಪರ ಊರಿನಲ್ಲಿ ಗೂಬೆಗಳು ಗೆಲ್ಲುತ್ತಿದ್ದವು. ಸ್ವಂತ ಮೈದಾನಕ್ಕೆ ಬಂದರೆ ಮಾತ್ರ ಎದುರಾಳಿಗಳಿಗೆ ಯಾರೋ ಕಣಿ ಹೇಳಿದ ಹಾಗೆ ಎಲ್ಲ ತಿಳಿದುಬಿಡುತ್ತಿತ್ತು.

ಏಮೋಸ್ ಸನ್ನೆಗಳನ್ನು ನಾಲ್ಕು ಸಲ ಬದಲಾಯಿಸಿದ. ಮರೆಯದಿರಲೆಂದು ಊಟದ ಮೇಜಿನಲ್ಲಿ ಹೆಂಡತಿ ಲಿಯೋಟಾಳ ಮುಂದೆ ಅಭ್ಯಾಸ ಮಾಡಿದ. ಆಕೆ ಬಟಾಣಿ ಸುಲಿಯುತ್ತಲೇ ತಪ್ಪು ತಿದ್ದಿದಳು. ನಾಲ್ಕು ಸಲವೂ ಗುಟ್ಟು ರಟ್ಟಾಯಿತು.

ಜುಲೈನಲ್ಲಿ ಅನುಮಾನ ಅಂಕಫಲಕ ನೋಡಿಕೊಳ್ಳುವ ಲೈಲನ ಮೇಲೆ ಬಿತ್ತು. ಮೈದಾನದ ಆ ತುದಿಯಲ್ಲಿ, ಫಲಕದ ಹಿಂದೆ, ದುರ್ಬೀನು ಹಿಡಿದು ಕೂರುವವನು ಇನ್ನೇನು ಮಾಡಿಯಾನು? ಅವನನ್ನು ಮನೆಗೆ ಕಳಿಸಿದ. ಲಿಯೋಟಾ ಆ ವಾರ ಜ್ವರದಿಂದ ಮಲಗಿದ್ದಳು. ಮನೆಯಲ್ಲಿ ಬಿಸಿ ಸೂಪಿಗೂ ಗತಿಯಿರಲಿಲ್ಲ. ಆದರೂ ಸ್ವಂತ ಮೈದಾನದ ಮೂರಕ್ಕೆ ಮೂರು ಪಂದ್ಯವೂ ಗೆದ್ದ ಏಮೋಸ್, ಕಳ್ಳ ಸಿಕ್ಕಿದನೆಂದು ಮೀಸೆ ತಿರುವಿದ. ಮುಂದಿನ ವಾರ ಹನ್ನೊಂದು ರನ್ನುಗಳಿಂದ ಸೋತು, ಲೈಲನ ಮನೆ ಬಾಗಿಲಿಗೆ ಹೋಗಿ ತಪ್ಪಾಯಿತು ಎಂದು ಬಂದ.

ಈ ದುಷ್ಟ ಎದುರಾಳಿಗಳ ನಡುವೆ ಇದ್ದ ಸಜ್ಜನನೆಂದರೆ ಮಾರ್ಲೋ ಸಿಟಿ ತಂಡದ ಮ್ಯಾನೇಜರ್ ಹಾರ್ಲಿ ಪ್ರೂಯಿಟ್ ಒಬ್ಬನೇ. ಲಿಯೋಟಾಳಿಗೆ ಜ್ವರ ಬಂದಾಗ ಹೂಗುಚ್ಛ ಕಳಿಸಿದ್ದ. ಈ ಕೊನೆಯ ಪಂದ್ಯಕ್ಕೆ ಬಂದಾಗಲೂ ಮೊದಲು ಆಕೆಯನ್ನೇ ವಿಚಾರಿಸಿದ.

"ನಿಮ್ಮನೆಯವ್ರು ಬಂದಿದಾರೆ ತಾನೆ?"

"ಬಂದಿದಾಳೆ. ಏಪ್ರಿಲ್‌ನಲ್ಲಿ ಚೆಂಡು ಬಡಿದು ಕನ್ನಡಕ ಒಡೀತಲ್ಲ, ಆವತ್ತಿಂದ ಒಲ್ಲೆ ಅಂತಾನೇ ಇದ್ಲು. ನಾನೇ ಕಾಡಿ ಬೇಡಿ ಕರ್ಕೊಂಡು ಬರ್ತೀನಿ. ಅವಳು ಅಲ್ಲಿ ಕೂತಿದಾಳೆ ಅಂದ್ರೆ ನಂಗೊಂದು ಧೈರ್ಯ."

"ನಮಗೂ ಅಷ್ಟೇ ಕಣಯ್ಯ," ಎಂದ ಪ್ರೂಯಿಟ್, ಟೋಪಿ ತೆಗೆದು.

ಆಟ ಶುರುವಾದರೆ ಏಮೋಸನ ಕಣ್ಣು ದಾಂಡಿಗನನ್ನು ಬಿಟ್ಟು ಕದಲುತ್ತಿರಲಿಲ್ಲ. ಎಂಟನೇ ಇನ್ನಿಂಗ್ಸ್ ಹೊತ್ತಿಗೆ ಗೂಬೆಗಳು ಐದು, ಮಾರ್ಲೋ ಸಿಟಿ ನಾಲ್ಕು. ಪ್ರೂಯಿಟ್ ಎಂದಿನಂತೆ ಮೂರನೇ ಬೇಸಿನ ಪಕ್ಕ ನಿಂತು ತನ್ನ ಹುಡುಗರನ್ನು ಕೂಗಿ ಹುರಿದುಂಬಿಸುತ್ತಿದ್ದ. ಬಾಗುವ ಚೆಂಡುಗಳು ಒಂದರ ಹಿಂದೊಂದು ಪೆಟ್ಟು ತಿಂದವು. ಏಮೋಸನ ತಲೆ ಕೆಟ್ಟಿತು. ಮೈದಾನಕ್ಕೆ ನುಗ್ಗಿ, ಕದ್ದ ಸನ್ನೆಗಳ ಚೀಟಿ ಇರಬಹುದೆಂದು ಪ್ರೂಯಿಟ್‌ನ ಜೇಬಿಗೇ ಕೈ ಹಾಕಿದ. ಸಿಕ್ಕಿದ್ದು ಅರ್ಧ ಪೊಟ್ಟಣ ಕಡಲೆಕಾಯಿ.

"ಆಚೆ ನಡಿ!" ಎಂದ ಅಂಪೈರ್. "ಬೆಂಚಿನ ಹತ್ರ ಕಂಡ್ರೆ ಪಂದ್ಯಾನೇ ಅವ್ರಿಗೆ ಬರ್ದುಕೊಟ್ಬಿಡ್ತೀನಿ."

ಸನ್ನೆಯ ಕೆಲಸ ಮುದುಕ ಕೋಚ್ ಫೆರಿಸ್‌ನ ಪಾಲಿಗೆ ಬಂತು. ಏಮೋಸ್ ಬೆಂಚಿನ ಎದುರು ಬದಿಗೆ, ಕಾವಲು ಜಾಲರಿ ಮುಗಿಯುವಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದ ಲಿಯೋಟಾಳ ಪಕ್ಕ ಹೋಗಿ ಕುಸಿದ.

"ಕೆಲಸ ಹೋಯ್ತು ಕಣೇ."

"ಹೋದ್ರೆ ಹೋಗ್ಲಿ. ನಾನಿದೀನಲ್ಲ."

ಏಮೋಸ್ ಅವಳತ್ತ ತಿರುಗಿದ. ಇಪ್ಪತ್ತೇಳು ವರ್ಷ ಈ ಹೆಂಗಸು ಅವನ ಹಿಂದೆ ಊರೂರು ತಿರುಗಿ, ಬಾಡಿಗೆ ಕೋಣೆಗಳಲ್ಲಿ ಸಂಸಾರ ಮಾಡಿದ್ದಳು. ಒಂದು ಪಂದ್ಯದಲ್ಲೂ ಅವನು ಅವಳ ಪಕ್ಕ ಕೂತಿರಲಿಲ್ಲ. ಅವಳ ತೊಡೆಯ ಮೇಲಿದ್ದ ದೊಡ್ಡ ಕೆಂಪು ಕೈಚೀಲ ಎತ್ತಿ ಕೆಳಗಿಟ್ಟು, ಎರಡೂ ಕೈಗಳನ್ನು ಭದ್ರವಾಗಿ ಹಿಡಿದುಕೊಂಡ.

"ಏಮೋಸ್, ಕೈ ಬಿಡು."

"ಬಿಡಲ್ಲ."

ಒಂಬತ್ತನೇ, ಕೊನೆಯ ಇನ್ನಿಂಗ್ಸ್; ಐದು-ನಾಲ್ಕರ ಮುನ್ನಡೆ ಇನ್ನೂ ಉಳಿದಿತ್ತು, ಎದುರಾಳಿಗಳ ಮೂವರು ಔಟಾದರೆ ಆಟ ಮುಗಿಯುತ್ತಿತ್ತು. ಮಾರ್ಲೋ ಸಿಟಿಯ ಮೊದಲ ದಾಂಡಿಗ ಬಾಗುವ ಚೆಂಡಿಗೆ ಗಾಳಿಯಲ್ಲಿ ಕೋಲು ಬೀಸಿ ಔಟಾದ. ಎರಡನೆಯವನು ಬೀಸಿದ ಭರಕ್ಕೆ ಮುಗ್ಗರಿಸಿ ಔಟಾದ. ಪ್ರೂಯಿಟ್ ಮೂರನೇ ಬೇಸಿನಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡತೊಡಗಿದ. ಕೊನೆಗೆ ತಡೆಯಲಾರದೆ ಗ್ಯಾಲರಿಯ ಕಡೆ ತಿರುಗಿ ಕೂಗಿದ.

"ಏಮೋಸ್! ಈ ವಯಸ್ಸಲ್ಲಿ ಎಂಥದಯ್ಯ ಸರಸ! ಕೈ ಬಿಡೋ ಮಾರಾಯ!"

ಜನ ಗೊಳ್ಳೆಂದು ನಕ್ಕರು. ಏಮೋಸ್ ಇನ್ನಷ್ಟು ಬಿಗಿಯಾಗಿ ಹಿಡಿದ. ಮೂರನೆಯವನು ಮೂರು ಎಸೆತಗಳಲ್ಲಿ ಒಂದನ್ನೂ ಮುಟ್ಟಲಾರದೆ ಔಟಾದ. ಗೂಬೆಗಳು ಗೆದ್ದವು.

ಯಜಮಾನ ಲಿಂಡ್‌ಕ್ವಿಸ್ಟ್ ಮೆಟ್ಟಿಲು ಹತ್ತಿ ಬಂದು, "ಮುಂದಿನ ವರ್ಷಕ್ಕೂ ನೀವೇ" ಎಂದು ಬೆನ್ನು ತಟ್ಟಿಹೋದ. ಏಮೋಸ್ ಕಣ್ಣೊರೆಸಿಕೊಳ್ಳಲು ಆಗ ಹೆಂಡತಿಯ ಕೈ ಬಿಟ್ಟ. ಲಿಯೋಟಾ ಮರಗಟ್ಟಿದ ಬೆರಳುಗಳನ್ನು ಉಜ್ಜಿಕೊಂಡು ಕೈಚೀಲ ಎತ್ತಿಕೊಂಡಳು.

"ಬಾಗೋ ಚೆಂಡೇ ಕೋಲಿಗೆ ತಾಗಿ ಜಾಸ್ತಿ ಈ ಕಡೆ ಸಿಡಿಯೋದು ಅಂತ ಹೇಳಿದೋನು ನೀನೇ," ಎಂದು ಗದರಿದಳು, "ಏಪ್ರಿಲ್‌ನಿಂದ ಅದರ ಸನ್ನೆ ಕಂಡಾಗೆಲ್ಲ ಈ ಚೀಲ ಮುಖಕ್ಕೆ ಅಡ್ಡ ಹಿಡಿದೇ ಕನ್ನಡಕ ಉಳಿಸ್ಕೊಂಡಿದೀನಿ, ಇವತ್ತು ಅದಕ್ಕೂ ಬಿಡಲಿಲ್ವಲ್ಲ ನೀನು!"