ಪೆಟ್ಟು ತಿಂದವರ ಪಟ್ಟಿ

ಐದನೇ ಇನಿಂಗ್ಸ್‌ನಲ್ಲಿ ಎಲಿಯೋ ರಂಗೆಲ್ ಬ್ಯಾಟ್ ಹಿಡಿದು ಬಂದಾಗ ಇಡೀ ಮೈದಾನ ಎದ್ದು ನಿಂತಿತು. ಅವನು ಹೊಡೆಯಲಿ ಎಂದಲ್ಲ, ಅವನಿಗೆ ಪೆಟ್ಟು ಬೀಳಲಿ ಎಂದು.

ಬೇಸ್‌ಬಾಲ್‌ನಲ್ಲಿ ಪಿಚರ್ ಎಸೆದ ಚೆಂಡು ಮೈಗೆ ಬಡಿದರೆ ಬ್ಯಾಟರ್‌ಗೆ ಮೊದಲ ಬೇಸ್, ಅಂದರೆ ಓಟದ ಮೊದಲ ನಿಲುಗಡೆ, ಪುಕ್ಕಟೆ. ರಿವರ್‌ಮೆನ್ ತಂಡದ ಇತಿಹಾಸದಲ್ಲೇ ಹಾಗೆ ಹೆಚ್ಚು ಪೆಟ್ಟು ತಿಂದವನು ಏಮಸ್ ಟಕರ್. ಅವನು ಆಟ ಬಿಟ್ಟು ನಲವತ್ತು ವರ್ಷವಾದರೂ ಆ ಜಾಗ ಯಾರೂ ಮುಟ್ಟಿರಲಿಲ್ಲ. ಕಳೆದ ವಾರ ರಂಗೆಲ್ ಅವನ ಸಮಕ್ಕೆ ಬಂದು ನಿಂತಿದ್ದ. ಇನ್ನೊಂದು ಬಿದ್ದರೆ ಪಟ್ಟಿಯ ತುದಿ ಅವನದು. ಆ ಗಳಿಗೆಗೆ ಕೈಕುಲುಕಲು ಒಬ್ಬರು ಬೇಕಲ್ಲ, ಅದಕ್ಕೆ ತಂಡದವರು ಏಮಸ್‌ನನ್ನೂ ಅವನ ಹೆಂಡತಿ ವರ್ನಾಳನ್ನೂ ಕರೆಸಿ, ಚೆಂಡು ಜನರಿಗೆ ತಾಕದಂತೆ ಕಟ್ಟಿದ ಬಲೆಗೆ ಅಂಟಿದಂತಿದ್ದ ಮೊದಲ ಸಾಲಿನಲ್ಲಿ ಕೂರಿಸಿದ್ದರು.

ಆಟ ಶುರುವಾಗುವ ಮೊದಲು ರಂಗೆಲ್ ತಾನಾಗಿ ಬಂದು ಮಾತಾಡಿಸಿದ್ದ.

"ನನ್ ಮೇಲೆ ಕೋಪ ಇಲ್ಲ ತಾನೆ ಸರ್?"

"ಕೋಪ ಯಾತಕ್ಕೋ? ಬೇಗ ತಗೊಂಡು ಹೋಗು. ಹೊತ್ತೂ ಹೊತ್ತೂ ನಂಗೆ ಸಾಕಾಗಿದೆ," ಎಂದು ಏಮಸ್ ನಕ್ಕಿದ್ದ. ನಗು ಮುಗಿದ ಮೇಲೆ ತಗ್ಗಿದ ದನಿಯಲ್ಲಿ, "ಬೆನ್ನು ಕೊಡು. ಮುಖ ಮಾತ್ರ ಕೊಡಬೇಡ," ಎಂದಿದ್ದ.

ಏಮಸ್ ಅಂದು ಮುಖ ಕೊಟ್ಟಿದ್ದ. ಕೊನೆಯ ಪೆಟ್ಟು ಕೆನ್ನೆಯ ಮೂಳೆಗೆ ಬಿದ್ದು, ಆಟವೂ ಅಲ್ಲಿಗೇ ಮುಗಿದಿತ್ತು. ಎಡಗಣ್ಣಿಗೆ ಅಂದಿನಿಂದ ಬರೀ ಮಂಜು. ಹೋಮ್ ರನ್ ಹೊಡೆದವರ ಸಾಲಿನಲ್ಲಿ ಅವನ ಹೆಸರು ಎಲ್ಲೋ ತಳದಲ್ಲಿತ್ತು. ಮೊದಲಿಗನೆನಿಸಿಕೊಂಡದ್ದು ಈ ಒಂದರಲ್ಲಿ ಮಾತ್ರ. ರಂಗೆಲ್ ಹತ್ತನೆಯವನಾಗಿ, ಐದನೆಯವನಾಗಿ, ಎರಡನೆಯವನಾಗಿ ಮೇಲೇರುತ್ತ ಬಂದಂತೆಲ್ಲ ಏಮಸ್ ಬೆಳಿಗ್ಗೆ ಕಾಫಿಗೂ ಮೊದಲು ಪತ್ರಿಕೆ ಬಿಡಿಸುತ್ತಿದ್ದ. ಹುಡುಗನಿಗೆ ಪೆಟ್ಟು ಬಿದ್ದಿಲ್ಲ ಎಂದು ಕಂಡ ದಿನ ಅವನ ಉಪಾಹಾರ ನೆಮ್ಮದಿಯಾಗಿ ಇಳಿಯುತ್ತಿತ್ತು. ವರ್ನಾಗೆ ಅದು ತಿಳಿಯದೇ ಇರಲಿಲ್ಲ. ಅವಳು ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

ಈಗ ಎದುರಾಳಿ ಪಿಚರ್ ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತ. ಗದ್ದಲವೆಲ್ಲ ಅಡಗಿ, ಜನ ಫೋನ್ ಎತ್ತಿ ಹಿಡಿದರು. ವರ್ನಾ ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಇಂಥ ಎಸೆತ ನೋಡುವುದನ್ನು ಅವಳು ಎಂದೋ ಬಿಟ್ಟಿದ್ದಳು.

ಪಿಚರ್ ಕಾಲೆತ್ತಿದ, ಕೈ ಬೀಸಿದ. ಚೆಂಡು ಇನ್ನೂ ಬೆರಳು ಬಿಟ್ಟಿತೋ ಇಲ್ಲವೋ, ಏಮಸ್ ಕುರ್ಚಿಯಿಂದ ಚಿಮ್ಮಿ ನಿಂತಿದ್ದ.

"ಬಗ್ಗೋ!"

ರಂಗೆಲ್ ಕಾಲು ಕಡಿದುಹೋದವನಂತೆ ನೆಲಕ್ಕೆ ಬಿದ್ದ. ಹೆಲ್ಮೆಟ್ ಕಳಚಿ ಉರುಳಿತು. ಅವನ ಮುಖ ಇದ್ದ ಜಾಗದಲ್ಲೇ ಚೆಂಡು ಹಾದು, ಹಿಂದಿನ ಗೋಡೆಗೆ ಹೊಡೆದ ಸದ್ದು ಎಲ್ಲರಿಗೂ ಕೇಳಿಸಿತು.

ಆಮೇಲೆ ಮೈದಾನದ ಉದ್ದಗಲಕ್ಕೂ ನಿರಾಸೆಯ ಉದ್ಗಾರ ಎದ್ದಿತು.

"ಅಯ್ಯೋ ತಾತಾ, ನಿಂದೊಳ್ಳೆ ಕಥೆ!" ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸಿಪ್ಪೆ ಉದುರಿಸುತ್ತಿದ್ದ ದಪ್ಪನೆಯ ಗಂಡಸು ಕೂಗಿದ. "ನಿನ್ ಜಾಗ ಬಿಟ್ಕೊಡೋಕೆ ಅಷ್ಟೊಂದು ಸಂಕಟಾನಾ?"

ಸುತ್ತ ಕೂತವರು ನಕ್ಕರು. ಏಮಸ್‌ನ ಮುಖ ದೊಡ್ಡ ಪರದೆಯ ಮೇಲೆ ಮೂಡಿತು. ಅದನ್ನು ಕಂಡು ಆಚೆ ಕಡೆಯವರೂ ಊಳಿಡತೊಡಗಿದರು.

ವರ್ನಾ ಎದ್ದು ತಿರುಗಿದಳು. ಅವಳು ಅಷ್ಟು ದೊಡ್ಡ ದನಿ ತೆಗೆದದ್ದನ್ನು ಏಮಸ್ ಎಂದೂ ಕೇಳಿರಲಿಲ್ಲ.

"ಇವರ ಕಣ್ಣು ಹೋಗಿದ್ದು ಹೇಗೆ ಅಂತ ಗೊತ್ತೇನಯ್ಯಾ ನಿಂಗೆ? ಇಂಥದ್ದೇ ಚೆಂಡಿಂದ! ಆ ಹುಡುಗನ ಮುಖ ಒಡೆದು ರಕ್ತ ಸುರಿದಿದ್ರೆ ಚಪ್ಪಾಳೆ ತಟ್ತಿದ್ಯಾ?"

ಆ ಮನುಷ್ಯ ಕಡಲೆಕಾಯಿ ಪೊಟ್ಟಣ ಮಡಿಸಿ ತೊಡೆಯ ಮೇಲಿಟ್ಟುಕೊಂಡ. "ಗೊತ್ತಿರಲಿಲ್ಲಮ್ಮ. ತಪ್ಪಾಯ್ತು," ಎಂದ. ವರ್ನಾ ಕೂತು ಗಂಡನ ಕೈ ಹಿಡಿದುಕೊಂಡಳು. ಅವನ ಅಂಗೈ ತಣ್ಣಗಿತ್ತು.

"ಅವನನ್ನ ಉಳಿಸಿಬಿಟ್ಟೆ ಕಣೋ," ಎಂದಳು.

ಏಮಸ್ ಮೈದಾನದತ್ತಲೇ ನೋಡುತ್ತಿದ್ದ. ರಂಗೆಲ್ ಎದ್ದು ಮಣ್ಣು ಕೊಡವಿ, ಮುಂದಿನ ಎಸೆತವನ್ನು ಮೇಲಕ್ಕೆ ಹೊಡೆದು ಕ್ಯಾಚ್ ಕೊಟ್ಟು ಔಟಾದ. ಆ ದಿನ ಅವನಿಗೆ ಮತ್ತೆ ಯಾವ ಚೆಂಡೂ ತಾಕಲಿಲ್ಲ.

ಆಟ ಮುಗಿದು ಜನ ಕರಗುತ್ತಿದ್ದಾಗ ರಂಗೆಲ್ ಬಲೆಯ ಹತ್ತಿರ ಬಂದ. ಟೋಪಿ ಕೈಯಲ್ಲಿತ್ತು, ಮುಖದ ಬಣ್ಣ ಇನ್ನೂ ಸರಿಯಾಗಿ ಮರಳಿರಲಿಲ್ಲ.

"ನಿಮ್ಮ ಕೂಗು ಕೇಳಿಸ್ತು ಸರ್. ಚೆಂಡು ನಂಗೆ ಕಂಡೇ ಇರಲಿಲ್ಲ." ಬಲೆಯ ಕಣ್ಣುಗಳೊಳಗೆ ಬೆರಳು ತೂರಿಸಿ ನಿಂತ. "ಇಷ್ಟು ಸಾವಿರ ಜನದಲ್ಲಿ, ಇವತ್ತು ನಂಗೆ ಪೆಟ್ಟು ಬೀಳಬಾರದು ಅಂತ ಅಂದ್ಕೊಂಡಿದ್ದು ನೀವೊಬ್ಬರೇ."

"ಹೌದು," ಎಂದ ಏಮಸ್. ಆಚೆಯಿಂದ ಬಂದಿದ್ದ ಆ ಬೆರಳುಗಳನ್ನು ಒಮ್ಮೆ ಒತ್ತಿ ಹಿಡಿದು, ಬಿಟ್ಟ.

"ಯಾಕೆ ಅಂತ ಮಾತ್ರ ಕೇಳಬೇಡ, ಮಗಾ."